ಮಣ್ಣಿನ ಹುಳುಗಳಲ್ಲಿ ಮಿತ್ರರನ್ನು ಅರಸಿದ ನೇಥನ್ ಕಾಬ್

ಹಸಿರಾಗಿ ನಳನಳಿಸುತ್ತಿದ್ದ ಸ್ಟ್ರಾಬೆರಿ ಗಿಡ ಹಣ್ಣು ಬಿಡುವ ಹೊತ್ತಿಗೆ ಇದ್ದಕ್ಕಿದ್ದಂತೆ ಸೊರಗುತ್ತದೆ. ಕಿತ್ತು ನೋಡಿದರೆ ಬೆಳ್ಳಗಿರಬೇಕಾದ ಎಳೆಬೇರುಗಳು ಕಪ್ಪಾಗಿ ಕೊಳೆತಿರುತ್ತವೆ. ಅಮೆರಿಕದ ಬೆಳೆಗಾರರನ್ನು ದೀರ್ಘಕಾಲದಿಂದ ಕಾಡುತ್ತಿರುವ ಕಪ್ಪು ಬೇರುಕೊಳೆ ರೋಗ ಇದು. ಕೊಳೆತ ಬೇರಿನಲ್ಲಿ ಸಿಕ್ಕುವುದು ರೈಜೋಕ್ಟೋನಿಯ ಮತ್ತು ಅದರ ಬಳಗದ ಶಿಲೀಂಧ್ರಗಳು. ಆದರೆ ಹಲವು ಹೊಲಗಳಲ್ಲಿ ಶಿಲೀಂಧ್ರ ಒಂಟಿಯಾಗಿ ಬಂದಿರುವುದಿಲ್ಲ. ಬರಿಗಣ್ಣಿಗೆ ಕಾಣದ, ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಜಂತುಹುಳುವೊಂದು ಬೇರನ್ನು ಕೊರೆದು ಗಾಯ ಮಾಡಿ, ಅದಕ್ಕೆ ದಾರಿ ತೆರೆದುಕೊಟ್ಟಿರುತ್ತದೆ. ಈ ಹುಳುವನ್ನು 1917ರಲ್ಲಿ ಹತ್ತಿ ಮತ್ತು ಆಲೂಗಡ್ಡೆಯಲ್ಲಿ ಗುರುತಿಸಿ ವಿಜ್ಞಾನಕ್ಕೆ ಪರಿಚಯಿಸಿದವರು ನೇಥನ್ ಆಗಸ್ಟಸ್ ಕಾಬ್. ಇಂದು ಅದರ ಹೆಸರು ಪ್ರಾಟಿಲೆಂಕಸ್ ಪೆನೆಟ್ರನ್ಸ್. ವಿಶೇಷವೆಂದರೆ, ಅದೇ 1917ರಲ್ಲಿ ಕಾಬ್ ಇನ್ನೊಂದು ಬರಹವನ್ನೂ ಪ್ರಕಟಿಸಿದರು. ಅದು ಶತ್ರುಗಳ ಕುರಿತಾದುದಲ್ಲ, ಜಂತುಹುಳುಗಳ ನಡುವೆಯೇ ಇರುವ ರೈತಮಿತ್ರರ ಕುರಿತಾದುದು.

ಕಾಬ್ ಹುಟ್ಟಿದ್ದು 1859ರ ಜೂನ್ 30ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬ ಊರಿನಲ್ಲಿ. ವುಸ್ಟರ್ ಪಾಲಿಟೆಕ್ನಿಕ್‌ನಲ್ಲಿ ಓದಿ 1881ರಲ್ಲಿ ಪದವಿ ಪಡೆದರು. ಅದೇ ವರ್ಷ ಆಲಿಸ್ ಪ್ರಾಕ್ಟರ್ ಅವರನ್ನು ವಿವಾಹವಾದರು. ಆರು ವರ್ಷ ಶಾಲಾ ಮಾಸ್ತರಿಕೆ ಮಾಡಿದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಜರ್ಮನಿಗೆ ಹೊರಟರು. ಯೇನಾ ವಿಶ್ವವಿದ್ಯಾಲಯದಲ್ಲಿ ಆಗ ಅರ್ನ್ಸ್ಟ್ ಹೆಕೆಲ್ ಅವರ ಕೀರ್ತಿ ಉತ್ತುಂಗದಲ್ಲಿತ್ತು. ಅಲ್ಲಿ 1888ರಲ್ಲಿ ಜಂತುಹುಳುಗಳ ರಚನೆಯ ಮೇಲೆ ಡಾಕ್ಟರೇಟ್ ಪಡೆದ ಕಾಬ್, ನೇಪಲ್ಸ್‌ನ ಕಡಲ ಜೀವಿ ಸಂಶೋಧನಾಲಯದಲ್ಲಿ ಕೆಲಕಾಲ ದುಡಿದರು. 1889ರಲ್ಲಿ ಸಿಡ್ನಿ ಬಂದರಿನಲ್ಲಿ ಇಳಿದಾಗ ಅವರ ಕೈಯಲ್ಲಿ ಡಾಕ್ಟರೇಟ್ ಇತ್ತು, ಕೆಲಸವಿರಲಿಲ್ಲ.

ಕೆಲಸ ಸಿಕ್ಕಿತು. ಆದರೆ ಅದು ಅವರಿಗೆ ಪ್ರಿಯವಾದ ಹುಳುಗಳ ಕೆಲಸವಾಗಿರಲಿಲ್ಲ. ಆಗತಾನೆ ಸ್ಥಾಪನೆಯಾಗಿದ್ದ ನ್ಯೂ ಸೌತ್ ವೇಲ್ಸ್ ಕೃಷಿ ಇಲಾಖೆಗೆ ಸಸ್ಯರೋಗ ತಜ್ಞರೊಬ್ಬರು ಬೇಕಾಗಿದ್ದರು. ಆ ವಸಾಹತಿನ ಗೋಧಿಯನ್ನು ತುಕ್ಕು ರೋಗ ತಿನ್ನುತ್ತಿತ್ತು, ಕಬ್ಬು ಅಂಟು ರೋಗಕ್ಕೆ ಬಲಿಯಾಗುತ್ತಿತ್ತು. ಕಬ್ಬಿನ ರೋಗ ಬ್ಯಾಕ್ಟೀರಿಯಾದಿಂದ ಬರುವುದೆಂದು 1893ರಲ್ಲಿ ಕಾಬ್ ತೋರಿಸಿದರು. ಗೋಧಿಯ ತುಕ್ಕಿಗೆ ಅವರ ಬಳಿ ಔಷಧವಿರಲಿಲ್ಲ. ಹಾಗಾಗಿ ಮೊದಲು ಅದನ್ನು ಅಳೆಯುವ ದಾರಿ ಹುಡುಕಿದರು. ತುಕ್ಕಿನ ಚುಕ್ಕೆಗಳು ಎಲೆಯ ಎಷ್ಟು ಭಾಗವನ್ನು ಆವರಿಸಿವೆ ಎಂಬುದನ್ನು ಚಿತ್ರಗಳ ಸಾಲಾಗಿ ಬರೆದು, ಹೊಲದಲ್ಲಿ ನಿಂತೇ ಹೋಲಿಸಿ ನೋಡುವಂತೆ ಮಾಡಿದರು. 1948ರಲ್ಲಿ ಪರಿಷ್ಕೃತಗೊಂಡ ಆ ಕಾಬ್ ಮಾಪಕವೇ ಇಂದಿಗೂ ಭಾರತದ ಗೋಧಿ ತಳಿ ಪರೀಕ್ಷಣಾ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಆಸ್ಟ್ರೇಲಿಯಾದ ಗೋಧಿಗೆ ಹೊಸ ತಳಿಗಳನ್ನು ಕೊಟ್ಟ ವಿಲಿಯಂ ಫ್ಯಾರರ್ ಅವರ ಒಡನಾಟ ಬೆಳೆದದ್ದೂ ಈ ದಿನಗಳಲ್ಲೇ.

ಸರ್ಕಾರಿ ಕೆಲಸದ ನಡುವೆಯೂ ಕಾಬ್ ಸೂಕ್ಷ್ಮದರ್ಶಕವನ್ನು ಬಿಡಲಿಲ್ಲ. ಫಿಜಿ ದ್ವೀಪದ ಬಾಳೆಬೇರಿನಿಂದ ಅವರು 1893ರಲ್ಲಿ ವರ್ಣಿಸಿದ ಕೊರೆಯುವ ಜಂತುಹುಳು ಕರ್ನಾಟಕಕ್ಕೂ ಅಪರಿಚಿತವಲ್ಲ. ಕೊಡಗು, ಮಲೆನಾಡಿನ ಕಾಳುಮೆಣಸಿನ ಬಳ್ಳಿಗಳು ಹಳದಿಯಾಗಿ ಮೆಲ್ಲಮೆಲ್ಲನೆ ಸಾಯುವ ನಿಧಾನ ಸೊರಗು ರೋಗದಲ್ಲಿ ಇದರ ಪಾಲೂ ಇದೆ. ಅಲ್ಲೂ ಸ್ಟ್ರಾಬೆರಿಯ ಕಥೆಯೇ. ಹುಳು ಬೇರನ್ನು ಗಾಯಗೊಳಿಸುತ್ತದೆ, ಶಿಲೀಂಧ್ರ ಒಳನುಗ್ಗುತ್ತದೆ. ಕೊಳೆತ ಬೇರಿಗೆ ಶಿಲೀಂಧ್ರನಾಶಕವೊಂದನ್ನೇ ಸುರಿದರೆ ರೋಗ ಪೂರ್ತಿ ಹತೋಟಿಗೆ ಬಾರದಿರುವುದಕ್ಕೆ ಈ ಕೂಡು ದಾಳಿಯೂ ಒಂದು ಕಾರಣ.

1905ರಲ್ಲಿ ಕಾಬ್ ಹವಾಯಿಯ ಸಕ್ಕರೆ ಬೆಳೆಗಾರರ ಸಂಶೋಧನಾ ಕೇಂದ್ರ ಸೇರಿ ಕಬ್ಬಿನ ಶಿಲೀಂಧ್ರ ರೋಗಗಳನ್ನು ಅಭ್ಯಸಿಸಿದರು. ಎರಡು ವರ್ಷಗಳ ಬಳಿಕ ವಾಷಿಂಗ್ಟನ್ನಿನ ಕೇಂದ್ರ ಕೃಷಿ ಇಲಾಖೆಗೆ ಬಂದರು. ಅಲ್ಲಿಯೂ ಮೊದಲಿಗೆ ವಹಿಸಿದ್ದು ಹತ್ತಿಯ ದರ್ಜೆಗಳನ್ನು ಗೊತ್ತುಪಡಿಸುವ ಕೆಲಸ. ಜೀವನದುದ್ದಕ್ಕೂ ಈ ಮನುಷ್ಯನಿಗೆ ಸಂಬಳ ಬಂದದ್ದು ಒಂದಕ್ಕೆ, ಮನಸ್ಸು ನೆಟ್ಟದ್ದು ಇನ್ನೊಂದಕ್ಕೆ ಎನ್ನಬೇಕು. 1914ರ ಇಲಾಖಾ ವಾರ್ಷಿಕ ಗ್ರಂಥಕ್ಕೆ ಅವರು ಬರೆದ ಲೇಖನ ಜಂತುಹುಳುಗಳ ಅಧ್ಯಯನವನ್ನು ಸ್ವತಂತ್ರ ವಿಜ್ಞಾನವಾಗಿ ಮುಂದಿಟ್ಟಿತು. ಜಂತುಹುಳುಗಳನ್ನುಳಿದು ಜಗತ್ತಿನ ಸಕಲವೂ ಮಾಯವಾದರೂ ಬೆಟ್ಟ, ಕಣಿವೆ, ನದಿಗಳ ಆಕಾರ ಆ ಹುಳುಗಳ ತೆಳುಪದರದಲ್ಲಿ ಗುರುತಿಗೆ ಸಿಕ್ಕೀತು ಎಂಬ ಅವರ ಕಲ್ಪನೆ ಈ ಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಕಲ್ಪನೆಯಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ಜರಡಿಗಳಲ್ಲಿ ಸೋಸಿ ಹುಳುಗಳನ್ನು ಎಣಿಸುವ ವಿಧಾನವನ್ನು 1918ರಲ್ಲಿ ಪ್ರಕಟಿಸಿದರು. ಇಂದಿನ ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಜಂತುಹುಳುಗಳನ್ನು ಬೇರ್ಪಡಿಸುವುದೂ ಬಹುಮಟ್ಟಿಗೆ ಹೀಗೆಯೇ.

ಎಣಿಸುತ್ತ ಹೋದಂತೆ ಅವರಿಗೆ ಮನವರಿಕೆಯಾದ ಸಂಗತಿಯೆಂದರೆ, ಮಣ್ಣಿನ ಜಂತುಹುಳುಗಳೆಲ್ಲ ಬೆಳೆಯ ವೈರಿಗಳಲ್ಲ. ಬ್ಯಾಕ್ಟೀರಿಯಾ ತಿನ್ನುವವು ಕೆಲವು, ಶಿಲೀಂಧ್ರದ ಎಳೆಗಳನ್ನು ಚುಚ್ಚಿ ರಸ ಹೀರುವವು ಕೆಲವು. ಮಾನಾಂಕ್ ಎಂಬ ಗುಂಪಿನವಂತೂ ಬಾಯಲ್ಲಿ ಹಲ್ಲು ಹೊತ್ತು, ಇತರ ಜಂತುಹುಳುಗಳನ್ನೇ ಬೇಟೆಯಾಡುತ್ತವೆ. 1917ರ ಆ ಎರಡನೆಯ ಬರಹ ಇವುಗಳ ಬಗ್ಗೆಯೇ. 1920ರಲ್ಲಿ ಕಾಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈ ಬೇಟೆಗಾರರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ ಬೆಳೆಗಳ ರಕ್ಷಣೆಗೆ ಬಳಸಬಹುದೆಂದು ಸೂಚಿಸಿದರು. ಎರಡು ವರ್ಷಗಳಲ್ಲಿ ಅವರ ಸಹೋದ್ಯೋಗಿ ಗಾಟ್‌ಹೋಲ್ಡ್ ಸ್ಟೈನರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಒಂದು ಮಾನಾಂಕ್ ಹುಳು ಸುಮಾರು 12 ವಾರಗಳಲ್ಲಿ 1,332 ಬೇರುಗಂಟು ಹುಳುಗಳ ಮರಿಗಳನ್ನು ಕೊಂದದ್ದನ್ನು ಲೆಕ್ಕವಿಟ್ಟರು. ಕಾಬ್ ಅವರ ಕನಸು ಕೈಗೆಟುಕುವಷ್ಟು ಹತ್ತಿರ ಬಂದಂತಿತ್ತು.

ಅದಕ್ಕೆ ತಡೆ ಬಂದದ್ದು ಅವರದೇ ಗರಡಿಯಿಂದ. ಯೂಟಾ ರಾಜ್ಯದ ಸಕ್ಕರೆ ಬೀಟ್ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದ ಜೆರಾಲ್ಡ್ ಥಾರ್ನ್ ಕಾಬ್ ಅವರಿಂದ ಈ ಶಾಸ್ತ್ರವನ್ನು ಕಲಿತವರು. ಅವರು ಮಾನಾಂಕ್‌ಗಳ ಸಂಖ್ಯೆ ಹೊಲದಲ್ಲಿ ಏರಿಳಿಯುವುದನ್ನು ಗಮನಿಸುತ್ತ ಬಂದು, 1927ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಬೇಟೆಗಾರರ ಸಂಖ್ಯೆ ನೆಚ್ಚುವಂತಹುದಲ್ಲ. ಅವುಗಳಿಂದ ಬೀಟ್ ಹುಳುವಿನ ಹತೋಟಿ ಸಾಧ್ಯವಾಗದು ಎಂಬುದು ಅದರ ಸಾರ. ಹೊಲಕ್ಕೆ ಬೇಕಾಗುವ ಪ್ರಮಾಣದಲ್ಲಿ ಇವನ್ನು ಸಾಕಿ ಬೆಳೆಸುವುದಂತೂ ಮುಂದೆಯೂ ಯಾರಿಗೂ ಸುಲಭವಾಗಲಿಲ್ಲ. ಎಣಿಕೆಯನ್ನೇ ನಂಬಿ ಬಾಳಿದ ಗುರುವಿನ ನಿರೀಕ್ಷೆಯನ್ನು ಶಿಷ್ಯನ ಎಣಿಕೆಯೇ ಸುಳ್ಳಾಗಿಸಿತು.

ಆದರೆ ರೈತನಿಗೆ ನೆರವಾಗುವ ಜಂತುಹುಳು ಇನ್ನೊಂದು ದಿಕ್ಕಿನಿಂದ ಬಂತು. ನ್ಯೂಜೆರ್ಸಿಯಲ್ಲಿ ರುಡಾಲ್ಫ್ ಗ್ಲೇಸರ್ ಅವರಿಗೆ ಜಪಾನಿ ದುಂಬಿಯ ಸತ್ತ ಮರಿಹುಳುಗಳಲ್ಲಿ ಜಂತುಹುಳುಗಳು ಸಿಕ್ಕವು. 1929ರಲ್ಲಿ ಅದಕ್ಕೆ ಗ್ಲೇಸರ್ ಅವರ ನೆನಪಿನ ಹೆಸರಿಟ್ಟು ವರ್ಣಿಸಿದವರು ಸ್ಟೈನರ್. ಕೀಟಗಳನ್ನು ಕೊಲ್ಲುವ ಈ ವರ್ಗದ ಹುಳುಗಳನ್ನು ಕೃತಕ ಆಹಾರದಲ್ಲಿ ಸಾಕಬಹುದೆಂದು ಗ್ಲೇಸರ್ ತೋರಿಸಿದರು. ಇಂದು ಯುರೋಪು, ಅಮೆರಿಕಗಳ ಸ್ಟ್ರಾಬೆರಿ ಬೆಳೆಗಾರರು ನೀರಿನಲ್ಲಿ ಬೆರೆಸಿ ಬೇರಿನ ಬುಡಕ್ಕೆ ಹಾಯಿಸುವುದು ಈ ವಂಶದವನ್ನೇ. ಅವು ಬೇರು ತಿನ್ನುವ ಮೂತಿಹುಳುವಿನ ಮರಿಗಳನ್ನು ಕೊಲ್ಲುತ್ತವೆ, ಬೇರುಕೊಳೆಯ ಶಿಲೀಂಧ್ರವನ್ನಲ್ಲ. ಮಾರಾಟದ ಪೊಟ್ಟಣ ನೋಡಿ ಎರಡನ್ನೂ ಒಂದೆಂದು ತಿಳಿಯುವ ಬೆಳೆಗಾರನಿಗೆ ಹಣವೂ ಹೋಗುತ್ತದೆ, ಗಿಡವೂ ಉಳಿಯುವುದಿಲ್ಲ.

ಶಿಲೀಂಧ್ರವನ್ನೇ ತಿನ್ನುವ ಜಂತುಹುಳುಗಳ ಮೇಲೂ ಪ್ರಯೋಗಗಳು ನಡೆದಿವೆ. ಅಫೆಲೆಂಕಸ್ ಅವೀನೆ ಎಂಬ ಹುಳು ಕುಂಡದ ಮಣ್ಣಿನಲ್ಲಿ ರೈಜೋಕ್ಟೋನಿಯದ ಹಾವಳಿಯನ್ನು ತಗ್ಗಿಸಿದ್ದುಂಟು. ಆದರೆ ಅದಕ್ಕೆ ರೋಗದ ಶಿಲೀಂಧ್ರ ಯಾವುದು, ಬೇರಿಗೆ ರಂಜಕ ಒದಗಿಸುವ ಉಪಕಾರಿ ಮೈಕೋರೈಜಾ ಯಾವುದು ಎಂಬ ಭೇದವಿಲ್ಲ, ಸಿಕ್ಕಿದ್ದನ್ನು ತಿನ್ನುತ್ತದೆ. ಹೀಗಾಗಿ ಆ ಪ್ರಯೋಗ ಹೊಲದವರೆಗೆ ನಡೆದು ಬಂದಿಲ್ಲ. ನಮ್ಮ ತೋಟಗಳಲ್ಲಿ ಬಳಕೆಗೆ ಬಂದದ್ದು ಇದರ ತಿರುಗುಮುರುಗು. ಜಂತುಹುಳುವಿನ ಮೊಟ್ಟೆಗಳನ್ನು ಹಾಳುಮಾಡುವ ಪೊಕೋನಿಯ, ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮ, ಎರಡೂ ಶಿಲೀಂಧ್ರಗಳೇ. ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮೆಣಸಿನ ಬಳ್ಳಿಯ ಬುಡಕ್ಕೆ ಹಾಕುವ ಕ್ರಮ ಇಂದು ರೂಢಿಯಲ್ಲಿದೆ.

ಕಾಬ್ 1932ರ ಜೂನ್ 4ರಂದು ಬಾಲ್ಟಿಮೋರ್‌ನಲ್ಲಿ ನಿಧನರಾದರು. ಅವರ ಮಗಳು ಫ್ರೀಡಾ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿಯಾಗಿ ಹೆಸರು ಮಾಡಿದರು. ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ವರ್ಣಿಸಿದ ಕಾಬ್, ಹುಳುವನ್ನು ಎರಡೂ ಮಗ್ಗುಲಿನಿಂದ ನೋಡಲು ಅನುವಾಗುವಂತೆ ಅಲ್ಯೂಮಿನಿಯಂ ಚೌಕಟ್ಟಿನ ಸ್ಲೈಡ್ ಒಂದನ್ನು ರೂಪಿಸಿಕೊಂಡಿದ್ದರು. ಅವರು ಸಿದ್ಧಪಡಿಸಿದ ಮಾದರಿಗಳನ್ನು ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನಲ್ಲಿರುವ ಜಂತುಹುಳು ಸಂಗ್ರಹದಲ್ಲಿ ಕಾಪಾಡಿಕೊಂಡು ಬರಲಾಗಿದೆ.