ಗೋವೈದ್ಯನೂ ಕವಿ, ಗಣಿತದವನೂ ಕವಿ: ಮಂಡ್ಯದ ಕೊಪ್ಪಲಿನ ನರಸಿಂಹಾಚಾರ್ಯರ ಲೆಕ್ಕ

ಹೇಮಗಿರಿ ದನಗಳ ಜಾತ್ರೆಗೆ ಅಪ್ಪನ ಜೊತೆ ಹೋಗಿದ್ದೆ. ಎತ್ತು ಕೊಳ್ಳೋದಕ್ಕಲ್ಲ, ಸುಮ್ಮನೆ. ಹೇಮಾವತಿ ದಂಡೆಯಲ್ಲಿ, ಬೆಟ್ಟದ ಕೆಳಗೆ ಹಳ್ಳಿಕಾರ್ ಜೋಡಿಗಳನ್ನು ಸಾಲಾಗಿ ಕಟ್ಟಿದ್ದರು. ಒಬ್ಬರು ಎತ್ತಿನ ತುಟಿ ಮೇಲೆತ್ತಿ ಹಲ್ಲು ನೋಡಿ ವಯಸ್ಸು ಹೇಳಿದರು. ಇನ್ನೊಬ್ಬರು ಮೈಮೇಲಿನ ಸುಳಿ ನೋಡಿ ಇದು ಬೇಡ ಅಂತ ತಲೆಯಾಡಿಸಿದರು. ಆಚೆ ಇಬ್ಬರು ಟವೆಲ್ಲಿನ ಒಳಗೆ ಕೈಯಿಟ್ಟು, ಬೆರಳು ಹಿಡಿದು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಸಾವಿರ ಎಷ್ಟು, ನೂರು ಎಷ್ಟು, ಎಲ್ಲ ಬೆರಳಲ್ಲೇ. ಪಕ್ಕದಲ್ಲಿ ನಿಂತವನಿಗೆ ಒಂದಂಕಿಯೂ ಗೊತ್ತಾಗದು.

ಪ್ರಾಣಿಶಾಸ್ತ್ರ, ನಂಬಿಕೆ, ಗಣಿತ ಮೂರೂ ಹತ್ತು ಹೆಜ್ಜೆಯೊಳಗೆ ನಡೀತಿತ್ತು. ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ನಾಲ್ಕು ವರ್ಷ ಕೇಳಿಸಿಕೊಂಡ ಮಾತು ಒಂದೇ: ಕನ್ನಡ ಕಥೆ ಕವನಕ್ಕೆ ಚೆಂದ, ಶಾಸ್ತ್ರ ಸೈನ್ಸಿಗೆ ಆಗಿಬರಲ್ಲ. ಹೌದೇನೋ ಅಂದ್ಕೊಂಡಿದ್ದೆ. ಪತ್ರಿಕೋದ್ಯಮಕ್ಕೆ ಬಂದ ಮೇಲೆ, ಯಾವುದೋ ಲೇಖನಕ್ಕೆ ಮಾಹಿತಿ ಹುಡುಕುತ್ತಾ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ ತೆರೆದೆ. ಪಂಪ, ರನ್ನ, ಜನ್ನ ಇರುತ್ತಾರೆ ಅಂತ ಗೊತ್ತಿತ್ತು. ಆದರೆ ಅವರ ಸಾಲಿನಲ್ಲೇ ದನಗಳ ವೈದ್ಯ ಬರೆದವನೊಬ್ಬ, ಬಡ್ಡಿ ಲೆಕ್ಕ ಬರೆದವನೊಬ್ಬ, ಹಾವಿನ ವಿಷದ ಮೇಲೆ ಬರೆದವನೊಬ್ಬ ಕೂತಿದ್ದರು. ಎಲ್ಲರಿಗೂ ಒಂದೇ ಹೆಸರು, ಕವಿ.

ಇವರನ್ನು ಹೀಗೆ ಒಂದೇ ಪಂಕ್ತಿಯಲ್ಲಿ ಕೂರಿಸಿದವರು ನಮ್ಮ ಜಿಲ್ಲೆಯವರೇ, ರಾ. ನರಸಿಂಹಾಚಾರ್ಯರು. 1860ರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಮಂಡ್ಯದ ಕೊಪ್ಪಲಿನಲ್ಲಿ ಹುಟ್ಟಿದವರು. ಟಿಪ್ಪು ಸತ್ತು ಅರವತ್ತು ವರ್ಷ ಕಳೆದಿತ್ತು, ಪಟ್ಟಣ ರಾಜಧಾನಿಯ ಪಟ್ಟ ಕಳೆದುಕೊಂಡು ಹಾಳು ಸುರಿಯುತ್ತಿತ್ತು. ಮೈಸೂರು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿತ್ತು, ಒಡೆಯರ ಕೈಗೆ ಮರಳಿದ್ದು 1881ರಲ್ಲಿ.

ಮನೆತನ ಮಂಡ್ಯಂ ಶ್ರೀವೈಷ್ಣವರದು. ಮೇಲುಕೋಟೆಗೆ ನಡೆದುಕೊಳ್ಳುವ ಈ ಸಮುದಾಯದ ಮನೆಮಾತು ತಮಿಳು. ಕನ್ನಡ ಸಾಹಿತ್ಯಕ್ಕೆ ಮೊದಲ ದೊಡ್ಡ ಚರಿತ್ರೆ ಬರೆದವರು ಇಂಥ ಮನೆಯಿಂದ ಬಂದರು ಅನ್ನೋದು, ಯಾರು ಅಸಲಿ ಕನ್ನಡಿಗ ಎಂದು ದಿನಾ ಸರ್ಟಿಫಿಕೇಟ್ ಹಂಚುವ ನಮ್ಮ ಕಾಲದಲ್ಲಿ ನೆನಪಿರಲಿ. ಅವರು ತಮಿಳು ಬಿಡಲೂ ಇಲ್ಲ. ಅಲ್ಲಿಯ ನೀತಿಗ್ರಂಥಗಳನ್ನು ‘ನೀತಿಮಂಜರಿ’ಯಾಗಿ ಕನ್ನಡಕ್ಕೆ ತಂದರು. ಮೈಸೂರು ಸೀಮೆಯಲ್ಲಿ ವಿಶ್ವವಿದ್ಯಾಲಯವೇ ಇರದ ದಿನಗಳಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಕನ್ನಡ ಎಂ.ಎ. ಪಡೆದರು. ಕನ್ನಡದಲ್ಲಿ ಎಂ.ಎ. ಮಾಡಿದ ಮೊದಲಿಗರು ಇವರೇ.

1899ರಲ್ಲಿ ಮೈಸೂರು ಪುರಾತತ್ವ ಇಲಾಖೆಗೆ ಸೇರಿದರು. ಅಲ್ಲಿ ಮೇಲಧಿಕಾರಿ ಬಿ.ಎಲ್. ರೈಸ್. ಊರೂರಿನ ಕಲ್ಲುಗಳ ಬರಹವನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂದು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸುತ್ತಿದ್ದವರು. ನಮ್ಮ ಕೃಷ್ಣರಾಜಪೇಟೆ, ನಾಗಮಂಗಲದ ಶಾಸನಗಳಿರುವ ಸಂಪುಟ 1898ರಲ್ಲೇ ಬಂದಿತ್ತು. 1906ರಲ್ಲಿ ರೈಸ್ ನಿವೃತ್ತರಾದ ಮೇಲೆ ಇಲಾಖೆ ನರಸಿಂಹಾಚಾರ್ಯರ ಕೈಗೆ ಬಂತು, 1922ರವರೆಗೂ ಅವರೇ ನಡೆಸಿದರು. ರೈಸ್ 1889ರಲ್ಲಿ ಪ್ರಕಟಿಸಿದ್ದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಅದೇ ಊರನ್ನು ಇವರು ಮತ್ತೆ ಜಾಲಾಡಿ 1923ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ 500 ಇದ್ದವು. ಗುರು ಮಾಡಿದ್ದಕ್ಕೆ ಶಿಷ್ಯ ಕೈಮುಗಿದು ಕೂತಿದ್ದರೆ ಈ 356 ಕಲ್ಲುಗಳು ಮೂಕವಾಗೇ ಉಳೀತಿದ್ದವು.

ಈ ನೌಕರಿ ಮತ್ತು ಕವಿಚರಿತೆ ಬೇರೆ ಬೇರೆ ಕೆಲಸಗಳಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕವಿಗಳು ಹುಟ್ಟಿದ ಇಸವಿ ಬರೆದಿಡುವವರಲ್ಲ. ಓಲೆಗರಿ ಸಿಕ್ಕರೂ ಯಾರು, ಎಲ್ಲಿ, ಯಾವಾಗ ಅನ್ನೋದು ಕಗ್ಗಂಟು. ನರಸಿಂಹಾಚಾರ್ಯರು ಹಿಡಿದ ದಾರಿ ನಮ್ಮ ಇಂಜಿನಿಯರಿಂಗ್ ಹುಡುಗರಿಗೆ ತಕ್ಷಣ ಅರ್ಥವಾಗುವಂಥದ್ದು. ಈ ಕವಿ ತನಗಿಂತ ಹಿಂದಿನ ಯಾರನ್ನೆಲ್ಲ ಹೊಗಳಿದ್ದಾನೆ? ಅವರಿಗಿಂತ ಈಚಿನವನು, ಅದು ಕೆಳಗಿನ ಮಿತಿ. ಇವನನ್ನು ಯಾರು ಹೊಗಳಿದ್ದಾರೆ? ಅವರಿಗಿಂತ ಆಚಿನವನು, ಅದು ಮೇಲಿನ ಮಿತಿ. ಈ ನಡುವಿನ ಅಂತರ ಕಿರಿದು ಮಾಡೋದಕ್ಕೆ ಕಲ್ಲು ಬೇಕು. ಕವಿ ಹೇಳಿಕೊಂಡ ಗುರುವಿನ ಹೆಸರು, ಆಶ್ರಯ ಕೊಟ್ಟ ರಾಜನ ಹೆಸರು ಯಾವುದಾದರೂ ತೇದಿಯುಳ್ಳ ಶಾಸನದಲ್ಲಿ ಇದೆಯಾ? ಇದ್ದರೆ ಕಾಲ ಹೆಚ್ಚುಕಮ್ಮಿ ಸಿಕ್ಕಂತೆ. ಹಗಲು ಶಾಸನ ಓದಿದವರಿಗೆ ಮಾತ್ರ ಆಗುವ ಕೆಲಸ ಇದು. ಕಂಪ್ಯೂಟರ್ ಇಲ್ಲ, ಸೂಚಿ ಇಲ್ಲ. ನೆನಪು, ಟಿಪ್ಪಣಿ ಅಷ್ಟೇ.

ಮೊದಲ ಸಂಪುಟ 1907ರಲ್ಲಿ ಬಂತು, 14ನೇ ಶತಮಾನದವರೆಗಿನ ಕವಿಗಳದ್ದು. ಜೊತೆಗಾರರಾಗಿದ್ದವರು ಎಸ್.ಜಿ. ನರಸಿಂಹಾಚಾರ್ಯರು. ಅದೇ ವರ್ಷ ಅವರು ತೀರಿಕೊಂಡರು. ಉಳಿದದ್ದು ಒಬ್ಬರೇ ಎಳೆದ ತೇರು. ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ನಡುವೆ, 1924ರಲ್ಲಿ, ಮೊದಲನೆಯದನ್ನೇ ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ಕೊನೆಯ ಸಂಪುಟ ಬಂದಾಗ ವಯಸ್ಸು 69. ಮೂರೂ ಸೇರಿ ಸಾವಿರಕ್ಕೂ ಹೆಚ್ಚು ಕವಿಗಳು.

ನನ್ನನ್ನು ಹಿಡಿದು ನಿಲ್ಲಿಸಿದ ಹೆಸರುಗಳಿಗೆ ಬರ್ತೀನಿ. ಎರಡನೇ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ ಬರೆದ. ಮಳೆಯ ಲಕ್ಷಣ, ಮನೆ ಕಟ್ಟುವುದು, ನೆಲದಡಿಯ ನೀರು ಪತ್ತೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧ, ದನಕರುಗಳ ಔಷಧ, ಎಲ್ಲ ಒಂದೇ ಗ್ರಂಥದಲ್ಲಿ. ನರಗುಂದದ ಶ್ರೀಧರಾಚಾರ್ಯ 1049ರಲ್ಲಿ ‘ಜಾತಕತಿಲಕ’ ಬರೆದ. ಕೀರ್ತಿವರ್ಮ ಚಾಲುಕ್ಯ ರಾಜಮನೆತನದವನು, ಬೇಕಿದ್ದರೆ ಯುದ್ಧದ ಕಾವ್ಯ ಬರೆಯಬಹುದಿತ್ತು, ಬರೆದದ್ದು ‘ಗೋವೈದ್ಯ’. ಜಗದ್ದಳ ಸೋಮನಾಥ ಪೂಜ್ಯಪಾದನ ಸಂಸ್ಕೃತ ವೈದ್ಯಗ್ರಂಥವನ್ನು ಕನ್ನಡ ಮಾಡಿದ. 14ನೇ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ಗಿಡದ ವಿಷ, ಪ್ರಾಣಿಯ ವಿಷ ಎಂದು ವಿಂಗಡಿಸಿ ಒಂದೊಂದಕ್ಕೂ ಚಿಕಿತ್ಸೆ ಹೇಳುತ್ತಾ ಹೋದ.

ಮತ್ತೆ ರಾಜಾದಿತ್ಯ. 12ನೇ ಶತಮಾನ, ಪೂವಿನಬಾಗೆ ಊರು, ಜೈನ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’, ಹೀಗೆ ಬರೆದದ್ದೆಲ್ಲ ಲೆಕ್ಕವೇ. ಮೂರು ಸಂಖ್ಯೆ ಕೊಟ್ಟರೆ ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕದಿಂದ ಶುರು ಮಾಡಿ ಐದು, ಏಳು, ಒಂಬತ್ತು ರಾಶಿಗಳ ತನಕ ಹೋಗುತ್ತಾನೆ. ಸೂತ್ರ ಪದ್ಯದಲ್ಲಿ, ಆಮೇಲೆ ಅದರ ವಿವರಣೆ, ಆಮೇಲೆ ಉದಾಹರಣೆ. ಒಳ್ಳೆಯ ಮೇಷ್ಟ್ರು ಇವತ್ತೂ ಪಾಠ ಮಾಡೋದು ಹಾಗೇ. ಸಂತೆಯಲ್ಲಿ ತೂಕ ಹಾಕುವವನು, ಬಡ್ಡಿಗೆ ಕೊಟ್ಟವನು, ತೊಗೊಂಡವನು ಕೇಳಬಹುದಾದ ಪ್ರಶ್ನೆಗಳು. ಅದಕ್ಕೇ ಹೆಸರಲ್ಲಿ ವ್ಯವಹಾರ ಅಂತ ಇರೋದು.

ಸಂಸ್ಕೃತದಲ್ಲಿ ಇಂಥವು ಇರಲಿಲ್ಲವೇ? ಇದ್ದವು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಪ್ರಸಿದ್ಧ. ಆದರೆ ರಾಜಾದಿತ್ಯನಿಗೆ ಅದೇ ವಿದ್ಯೆಯನ್ನು ಕನ್ನಡದಲ್ಲಿ ಹೇಳಬೇಕು ಅನ್ನಿಸಿತಲ್ಲ, ಅದು ರಾಜಕೀಯ ತೀರ್ಮಾನ. ಓದುವವರು ಯಾರು ಅನ್ನೋದನ್ನು ಆತ ಬದಲಿಸಿದ.

ಈಗ ಇದನ್ನು ಓದಿ ಯಾರಾದರೂ ವಾಟ್ಸಾಪಿನಲ್ಲಿ, ನೋಡಿ ಎಲ್ಲ ವಿಜ್ಞಾನವೂ ನಮ್ಮಲ್ಲಿ ಮೊದಲೇ ಇತ್ತು ಅಂತ ಹಾಕಿಬಿಡಬಹುದು. ದಯವಿಟ್ಟು ಬೇಡ. ನರಸಿಂಹಾಚಾರ್ಯರು ಆ ಚಟಕ್ಕೆ ಬಿದ್ದವರಲ್ಲ. ಕೀರ್ತಿವರ್ಮನ ಪುಸ್ತಕದಲ್ಲಿ ಔಷಧದ ಜೊತೆಗೆ ಮಂತ್ರಗಳೂ ಇವೆ, ನಮ್ಮ ಜಾತ್ರೆಯಲ್ಲಿ ಹಲ್ಲು ನೋಡುವವರ ಪಕ್ಕದಲ್ಲೇ ಸುಳಿ ನೋಡುವವರು ಇರೋ ಹಾಗೆ. ಆತ ಇಂಥವನು, ಇಂಥ ಕಾಲ, ಇಂಥ ಗ್ರಂಥ, ಇದರಲ್ಲಿ ಇಷ್ಟಿದೆ ಎಂದು ಬರೆದು ಮುಂದಕ್ಕೆ ಹೋಗುವುದೇ ಕವಿಚರಿತೆಯ ರೀತಿ. ಏನೂ ಇರಲಿಲ್ಲ ಅನ್ನೋರಿಗೂ ಎಲ್ಲವೂ ಇತ್ತು ಅನ್ನೋರಿಗೂ ಈ ಒಣ ಪಟ್ಟಿ ಬಾಯಿ ಮುಚ್ಚಿಸುವ ಉತ್ತರ.

ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಇಷ್ಟ. ಸೋಮನಾಥಪುರದ ದೇವಾಲಯದ ಮೇಲೆ 1917ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ಮೇಲೆ 1919ರಲ್ಲಿ ಅವರು ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ಪುಸ್ತಕ ತಂದರು. ಅಲ್ಲಿ ವಿಗ್ರಹಗಳ ಪಾದಪೀಠದಲ್ಲಿ ಕೆತ್ತಿದ್ದ ಶಿಲ್ಪಿಗಳ ಸಹಿಗಳನ್ನು ಓದಿ ಬರೆದುಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮತ್ತೆ ಮತ್ತೆ ಬರುವ ಮಲ್ಲಿತಮ್ಮ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣ. ಹೊಯ್ಸಳ ದೇವಾಲಯ ಅಂದರೆ ವಿಷ್ಣುವರ್ಧನ, ಶಾಂತಲೆ ಅಂತ ಗೈಡುಗಳು ಇವತ್ತೂ ಹೇಳ್ತಾರೆ. ಉಳಿ ಹಿಡಿದವನ ಹೆಸರು ಹುಡುಕಿದ್ದು ಈ ಮನುಷ್ಯ. ಗೋವೈದ್ಯನನ್ನು ಕವಿ ಅಂದ ಕಣ್ಣೇ ಇಲ್ಲೂ ಕೆಲಸ ಮಾಡಿದೆ ಅಂತ ನನ್ನ ಊಹೆ.

ಗೌರವಗಳು ಸಾಕಷ್ಟು ಬಂದವು. ಮೈಸೂರು ಮಹಾರಾಜರಿಂದ ಪ್ರಾಕ್ತನ ವಿಮರ್ಶ ವಿಚಕ್ಷಣ ಅನ್ನೋ ಬಿರುದು (ಒಂದೇ ಉಸಿರಲ್ಲಿ ಹೇಳಿ ನೋಡೋಣ), ಬ್ರಿಟಿಷರಿಂದ ರಾವ್ ಬಹದ್ದೂರ್, ಮಹಾಮಹೋಪಾಧ್ಯಾಯ. 1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಆಗಲೇ ಕವಿಚರಿತೆ ಮಾತ್ರ ಗಡಿ ನೋಡದೆ ನರಗುಂದದವನನ್ನೂ ಮೈಸೂರು ಸೀಮೆಯವನನ್ನೂ ಒಂದೇ ಪುಸ್ತಕದಲ್ಲಿ ಸೇರಿಸಿತ್ತು. ರಾಜ್ಯ ಒಂದಾಗಿದ್ದು ಅದಾಗಿ ಸುಮಾರು 50 ವರ್ಷಕ್ಕೆ.

ಹಾಗಂತ ಇವರನ್ನು ಪೂಜೆಗೆ ಇಡಬೇಕಿಲ್ಲ. ಕವಿಚರಿತೆಯಲ್ಲಿ ಜಾಗ ಸಿಗಬೇಕಾದರೆ ಓಲೆಗರಿ ಇರಬೇಕು. ಓಲೆಗರಿ ಯಾರ ಮನೆಯಲ್ಲಿ ಇರುತ್ತಿತ್ತು, ಯಾರಿಗೆ ಓದಲು ಬರುತ್ತಿತ್ತು ಅನ್ನೋದು ನಿಮಗೆ ಗೊತ್ತಿರುವ ವಿಷಯ. ಮಠ, ಬಸದಿ, ಅರಮನೆ, ಅಗ್ರಹಾರದ ಹೊರಗೆ ಇದ್ದ ತಿಳಿವಳಿಕೆಗೆ ಅಲ್ಲಿ ಲೆಕ್ಕವಿಲ್ಲ. ಸೂಲಗಿತ್ತಿಯ ವಿದ್ಯೆ, ಕಮ್ಮಾರನ ವಿದ್ಯೆ, ಕೆರೆಯ ತೂಬು ಕಾಯುವ ನೀರಗಂಟಿಯ ವಿದ್ಯೆ ಪದ್ಯವಾಗಲಿಲ್ಲ, ಹಾಗಾಗಿ ಚರಿತೆಯೂ ಆಗಲಿಲ್ಲ. ಶ್ರೀವೈಷ್ಣವರಾಗಿದ್ದೂ ಜೈನ, ವೀರಶೈವ ಕವಿಗಳಿಗಾಗಿ ಜೀವ ತೇದದ್ದು ದೊಡ್ಡತನವೇ, ನಿಜ. ಆದರೂ ಆ ಬಾಗಿಲು ಅಕ್ಷರಸ್ಥರಿಗೆ ಮಾತ್ರ ತೆರೆದಿತ್ತು.

ಎರಡನೇ ತಕರಾರು ಅವರ ಮೇಲಲ್ಲ, ನಮ್ಮ ಮೇಲೆ. 1907ರಲ್ಲೇ ವಿಳಾಸ ಬರೆದುಕೊಟ್ಟರು, ನಾವು ಹೋಗಿ ಬಾಗಿಲು ತಟ್ಟಲಿಲ್ಲ. ‘ಖಗೇಂದ್ರಮಣಿದರ್ಪಣ’, ‘ಲೋಕೋಪಕಾರ’, ‘ವ್ಯವಹಾರಗಣಿತ’ಗಳು ಪೂರ್ತಿಯಾಗಿ ಅಚ್ಚಾಗಿದ್ದು 1940–50ರ ದಶಕಗಳಲ್ಲಿ, ಅದೂ ಮದ್ರಾಸಿನಲ್ಲಿ. ‘ಲೋಕೋಪಕಾರ’ ಇಂಗ್ಲಿಷಿಗೆ ಹೋಗಿದ್ದು 2000ದ ನಂತರ, ಕೃಷಿ ಇತಿಹಾಸದ ಮೇಲೆ ಕೆಲಸ ಮಾಡುವ ಒಂದು ಪ್ರತಿಷ್ಠಾನದಿಂದ. ಕನ್ನಡ ವಿಭಾಗದವರು ಇವುಗಳಲ್ಲಿ ಕಾವ್ಯಗುಣ ಕಮ್ಮಿ ಅಂತ ಪಕ್ಕಕ್ಕಿಟ್ಟರು, ಗಣಿತ ವಿಭಾಗದವರಿಗೆ ಹಳಗನ್ನಡ ಬರಲ್ಲ. ರಾಜಾದಿತ್ಯನನ್ನು ಓದೋಕೆ ಇಬ್ಬರೂ ಒಂದೇ ಮೇಜಿಗೆ ಬರಬೇಕು. ನನ್ನ ಕಾಲೇಜಿನಲ್ಲಿ ಅಂಥ ಮೇಜು ಇರಲಿಲ್ಲ, ನಿಮ್ಮ ಕಾಲೇಜಿನಲ್ಲಿ ಇದೆಯಾ ನೋಡಿ. ಸಂಶೋಧನೆಗೆ ದುಡ್ಡು ಹಂಚುವಾಗ ವಿಜ್ಞಾನದ ಲೆಕ್ಕ ಒಂದು ಕಡೆ, ಭಾಷೆಯ ಲೆಕ್ಕ ಇನ್ನೊಂದು ಕಡೆ. ನಡುವೆ ಬಿದ್ದದ್ದು ಯಾರಿಗೂ ಸೇರಲ್ಲ.

ನರಸಿಂಹಾಚಾರ್ಯರು ತೀರಿಕೊಂಡಿದ್ದು 1936ರ ಡಿಸೆಂಬರಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 74ರ ವಯಸ್ಸಿನಲ್ಲಿ, ಕನ್ನಡ ಭಾಷೆಯ ಚರಿತ್ರೆಯ ಮೇಲೆ ಕೊಟ್ಟ ಉಪನ್ಯಾಸಗಳ ಇಂಗ್ಲಿಷ್ ಪುಸ್ತಕ ಬಂದಿತ್ತು. ಸಾಹಿತ್ಯದ ಚರಿತ್ರೆಯ ಇಂಗ್ಲಿಷ್ ಪುಸ್ತಕ ಅಚ್ಚಾಗಿ ಬಂದಿದ್ದು ಅವರು ಹೋದ ಮೇಲೆ, 1940ರಲ್ಲಿ.

ಜಾತ್ರೆಯಿಂದ ಬಂದ ರಾತ್ರಿ, ಕೀರ್ತಿವರ್ಮನ ಬಗ್ಗೆ ಕವಿಚರಿತೆಯಲ್ಲಿ ಇರುವುದನ್ನು ಅಪ್ಪನಿಗೆ ಹೇಳಿದೆ. ಸಾವಿರ ವರ್ಷದ ಹತ್ತಿರದ ಮಾತು, ಅರಸು ಮನೆಯವನು, ದನದ ವೈದ್ಯದ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದಿದ್ದಾನೆ ಅಂತ. ಅಪ್ಪ ಗಮನವಿಟ್ಟು ಕೇಳಿದರು. ಆಮೇಲೆ, ಕಾಲುಬಾಯಿ ಜ್ವರಕ್ಕೆ ಅವನು ಏನು ಹೇಳಿದ್ದಾನೆ ಅಂತ ವಿಚಾರಿಸಿದರು. ಕವಿಚರಿತೆಯಲ್ಲಿ ಇರೋದು ಕವಿಯ ವಂಶ, ಕಾಲ, ಒಂದಿಷ್ಟು ಮಾದರಿ ಪದ್ಯ. ಮದ್ದು ಇಲ್ಲ. ಮೂಲ ಗ್ರಂಥ ನಾನು ಕಣ್ಣಲ್ಲಿ ಕಂಡಿಲ್ಲ ಅಂದೆ. ಅಪ್ಪ ಸರಿ ಅಂದು ಟಾರ್ಚ್ ತಗೊಂಡು ಕೊಟ್ಟಿಗೆ ಕಡೆ ಹೋದರು.