ಹಾಲಿನ ಜಿಡ್ಡು ಅಳೆದ ಬ್ಯಾಬ್‌ಕಾಕ್

ಡೇರಿಗೆ ಹಾಲು ಹಾಕುವ ರೈತರಿಗೆಲ್ಲ ಜಿಡ್ಡಿನಂಶದ ಪರೀಕ್ಷೆ ಗೊತ್ತು. ಹಾಲಿನ ದರ ನಿಂತಿರುವುದೇ ಅದರ ಮೇಲೆ. ಈ ಪರೀಕ್ಷೆಯನ್ನು ಪ್ರಯೋಗಶಾಲೆಯಿಂದ ಹಳ್ಳಿಯ ಮಟ್ಟಕ್ಕೆ ಇಳಿಸಿದವರು ಅಮೆರಿಕದ ಸ್ಟೀಫನ್ ಮೌಲ್ಟನ್ ಬ್ಯಾಬ್‌ಕಾಕ್.

ಅವರು ಹುಟ್ಟಿದ್ದು 1843ರ ಅಕ್ಟೋಬರ್ 22ರಂದು, ನ್ಯೂಯಾರ್ಕ್ ರಾಜ್ಯದ ಬ್ರಿಜ್‌ವಾಟರ್ ಬಳಿಯ ಒಕ್ಕಲು ಮನೆತನದಲ್ಲಿ. ಜರ್ಮನಿಯ ಗಟಿಂಗೆನ್‌ನಲ್ಲಿ ರಸಾಯನಶಾಸ್ತ್ರ ಓದಿ 1879ರಲ್ಲಿ ಡಾಕ್ಟರೇಟ್ ಪಡೆದರು. ಜಿನೀವಾ ಎಂಬ ಊರಿನ ಕೃಷಿ ಪ್ರಯೋಗ ಕೇಂದ್ರದಲ್ಲಿ ಕೆಲವು ವರ್ಷ ದುಡಿದು, 1880ರ ದಶಕದ ಕೊನೆಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದರು.

ವಿಸ್ಕಾನ್ಸಿನ್ ಹೈನಿನ ನಾಡು. ಅಲ್ಲಿ ಗಿಣ್ಣು ಮತ್ತು ಬೆಣ್ಣೆ ಕಾರ್ಖಾನೆಗಳು ಆಗ ಹಾಲನ್ನು ಬರೀ ತೂಕದ ಮೇಲೆ ಕೊಳ್ಳುತ್ತಿದ್ದವು. ನೀರು ಬೆರೆಸಿದವನಿಗೂ, ಕೆನೆ ತೆಗೆದು ತಂದವನಿಗೂ, ಗಟ್ಟಿ ಹಾಲು ತಂದವನಿಗೂ ಒಂದೇ ದರ. ಪ್ರಾಮಾಣಿಕನಿಗೆ ನಷ್ಟ. ತನ್ನ ಕೊಟ್ಟಿಗೆಯಲ್ಲಿ ಯಾವ ಹಸು ತಿಂದ ಮೇವಿನ ಋಣ ತೀರಿಸುತ್ತಿದೆ, ಯಾವುದು ಇಲ್ಲ ಎಂಬುದೂ ರೈತನಿಗೆ ತಿಳಿಯುತ್ತಿರಲಿಲ್ಲ.

ಜಿಡ್ಡನ್ನು ಅಳೆಯುವುದು ಸುಲಭವಲ್ಲ. ಅದು ಹಾಲಿನಲ್ಲಿ ಕರಗಿರುವುದಿಲ್ಲ; ಬರಿಗಣ್ಣಿಗೆ ಕಾಣದ ಗುಂಡು ಕಣಗಳಾಗಿ ತೇಲುತ್ತಿರುತ್ತದೆ. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥ ಇನ್ನೂರು, ಮುನ್ನೂರು ಕಣಗಳನ್ನು ಸಾಲಾಗಿ ಇಡಬಹುದು. ಪ್ರತಿ ಕಣಕ್ಕೂ ಸಸಾರಜನಕ ಮತ್ತು ರಂಜಕಯುಕ್ತ ಮೇದಸ್ಸಿನಿಂದಾದ ತೆಳುಪೊರೆಯುಂಟು. ಪೊರೆ ಇರುವ ತನಕ ಕಣಗಳು ಒಂದರಲ್ಲೊಂದು ಸೇರವು. ಮೊಸರು ಕಡೆಯುವಾಗ ಕಡೆಗೋಲಿನ ಹೊಡೆತಕ್ಕೆ ಹರಿಯುವುದು ಈ ಪೊರೆಯೇ; ಆಗ ಜಿಡ್ಡು ಒಟ್ಟುಗೂಡಿ ಬೆಣ್ಣೆಯಾಗುತ್ತದೆ. ಆದರೆ ಮಜ್ಜಿಗೆಯಲ್ಲೂ ಒಂದಷ್ಟು ಜಿಡ್ಡು ಉಳಿಯುವುದರಿಂದ ಕಡೆದು ಅಳೆದರೆ ಲೆಕ್ಕ ಸರಿಹೋಗದು.

ಬ್ಯಾಬ್‌ಕಾಕ್ ಕಡೆಗೋಲಿನ ಬದಲು ಗಂಧಕಾಮ್ಲವನ್ನು ಹಿಡಿದರು. ಉದ್ದ ಕತ್ತಿನ ಸೀಸೆಗೆ 17.6 ಮಿ.ಲೀ. ಹಾಲು, ಹೆಚ್ಚುಕಡಿಮೆ ಅಷ್ಟೇ ಆಮ್ಲ. ಆಮ್ಲವು ಹಾಲಿನ ಸಸಾರಜನಕವನ್ನೂ ಕಣಗಳ ಪೊರೆಯನ್ನೂ ಕರಗಿಸುತ್ತದೆ, ಜಿಡ್ಡಿನ ತಂಟೆಗೆ ಹೋಗುವುದಿಲ್ಲ. ಸೀಸೆಯನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿ ಬಿಸಿನೀರು ಹೊಯ್ದರೆ ಜಿಡ್ಡು ಸೀಸೆಯ ಕತ್ತಿಗೆ ಏರುತ್ತದೆ. ಅಲ್ಲಿ ಕೊರೆದ ಗೆರೆಗಳನ್ನು ಓದಿದರೆ ಶೇಕಡಾ ಎಷ್ಟೆಂದು ತಿಳಿಯುತ್ತದೆ. ಓದು ಬಲ್ಲ ಯಾರಾದರೂ ಮಾಡಬಹುದಾದ ಕೆಲಸ.

ಮೊದಲು ಹೂಡಿದ ವಿಧಾನ ಮಂದೆಯ ಎಲ್ಲ ಹಸುಗಳ ಹಾಲಿಗೂ ಸರಿಹೊಂದಿ, ಒಂದೇ ಒಂದು ಹಸುವಿನ ಹಾಲಿಗೆ ತಪ್ಪಿತಂತೆ. ಮೇಲಿನವರು ಅವಸರಪಡಿಸಿದರೂ, ಆ ಹಸುವಿನ ಹಾಲಿಗೂ ಲೆಕ್ಕ ಕೂಡುವ ತನಕ ಬ್ಯಾಬ್‌ಕಾಕ್ ಅದನ್ನು ಪ್ರಕಟಿಸಲು ಒಪ್ಪಲಿಲ್ಲವೆಂದು ಹೇಳುತ್ತಾರೆ. 1890ರಲ್ಲಿ ಪ್ರಕಟಿಸಿದಾಗ ಪೇಟೆಂಟ್ ಪಡೆಯಲಿಲ್ಲ. ಕೋಟಿ ಗಳಿಸಬಹುದಾಗಿದ್ದ ವಿದ್ಯೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕಾರ್ಖಾನೆಗಳು ಜಿಡ್ಡಿನ ಮೇಲೆ ದರ ಕೊಡತೊಡಗಿದವು. ನೀರು ಬೆರೆಸುವುದರಲ್ಲಿ ಲಾಭ ಉಳಿಯಲಿಲ್ಲ. ವಿದ್ಯುತ್ ಯಂತ್ರಗಳು ಬರುವ ಮುನ್ನ ನಮ್ಮ ಹಾಲಿನ ಸಂಘಗಳಲ್ಲಿ ಬಳಸುತ್ತಿದ್ದ ಸೀಸೆ ಸ್ವಿಟ್ಜರ್ಲೆಂಡಿನ ಗರ್ಬರ್ ಅವರದು. ಅಲ್ಲಿಯೂ ಗಂಧಕಾಮ್ಲದ್ದೇ ಕೆಲಸ.

ಇಷ್ಟಾದರೂ ರಸಾಯನ ಪರೀಕ್ಷೆಯೊಂದನ್ನೇ ನಂಬಿ ಕೂರುವವರನ್ನು ಕಂಡರೆ ಬ್ಯಾಬ್‌ಕಾಕ್ ಅವರಿಗೆ ನಗು. ಅಂದಿನ ಪಂಡಿತರು ಸಸಾರಜನಕ, ಜಿಡ್ಡು, ಪಿಷ್ಟ ಇವಿಷ್ಟನ್ನು ಅಳೆದು ಮೇವಿನ ಬೆಲೆ ಕಟ್ಟುತ್ತಿದ್ದರು. ಆ ಲೆಕ್ಕದಲ್ಲಿ ಹಂದಿಗೆ ಕಲ್ಲಿದ್ದಲನ್ನೂ ತಿನ್ನಿಸಬಹುದೆಂದು ಅವರು ಗೇಲಿ ಮಾಡುತ್ತಿದ್ದರಂತೆ. ಅವರ ಬಹುಕಾಲದ ಆಸೆಯಂತೆ 1907ರಲ್ಲಿ 16 ಕಡಸುಗಳನ್ನು ನಾಲ್ಕು ಗುಂಪು ಮಾಡಿ ಪ್ರಯೋಗ ಹೂಡಲಾಯಿತು. ಒಂದು ಗುಂಪಿಗೆ ಕಾಳು, ಹುಲ್ಲು ಎಲ್ಲವೂ ಮುಸುಕಿನ ಜೋಳದ್ದೇ. ಇನ್ನೊಂದಕ್ಕೆ ಗೋಧಿಯದು, ಮತ್ತೊಂದಕ್ಕೆ ಓಟ್ಸ್‌ನದು, ಕೊನೆಯದಕ್ಕೆ ಮೂರರ ಮಿಶ್ರಣ. ಕಾಗದದ ಮೇಲೆ ನಾಲ್ಕೂ ಸಮ. ಕೊಟ್ಟಿಗೆಯಲ್ಲಿ ಬೇರೆಯೇ ಆಯಿತು. ಜೋಳ ತಿಂದವು ಮೈತುಂಬಿ ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿ ತಿಂದವುಗಳ ಕರುಗಳು ದಿನ ತುಂಬುವ ಮೊದಲೇ ಹುಟ್ಟಿ ಸತ್ತವು.

ಕಾರಣ ಹುಡುಕಹೊರಟ ಕಿರಿಯ ಸಹೋದ್ಯೋಗಿ ಮೆಕಾಲಂ ಇಲಿಗಳನ್ನು ಸಾಕಿದರು. ಹಂದಿಕೊಬ್ಬು, ಆಲಿವ್ ಎಣ್ಣೆ ಕೊಟ್ಟ ಇಲಿಗಳ ಬೆಳವಣಿಗೆ ನಿಂತಿತು. ಬೆಣ್ಣೆಯ ಜಿಡ್ಡು ಕೊಟ್ಟವು ಬೆಳೆದವು. ಅವರೂ ಮಾರ್ಗರೀಟ್ ಡೇವಿಸ್ ಅವರೂ 1913ರಲ್ಲಿ ಪ್ರಕಟಿಸಿದ ಆ ಗುಪ್ತ ವಸ್ತುವೇ ಎ ಜೀವಸತ್ವ. ಹಳದಿ ಜೋಳದಲ್ಲಿ, ಹಸಿರು ಮೇವಿನಲ್ಲಿ ಅದರ ಮೂಲವಿದೆ. ಗೋಧಿಯ ಕಾಳಿನಲ್ಲಿ, ಒಣಹುಲ್ಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಬ್‌ಕಾಕ್ ಸೀಸೆಯ ಕತ್ತಿನಲ್ಲಿ ಗೆರೆ ಎಣಿಸಿ ಅಳೆದ ಜಿಡ್ಡಿನೊಳಗೇ ಅದು ಅಡಗಿತ್ತು, ಯಾವ ಗೆರೆಗೂ ಸಿಕ್ಕಿರಲಿಲ್ಲ.

ಅದೇ ವರ್ಷ ಅವರು ನಿವೃತ್ತರಾದರು. ಆಮೇಲೂ ಪ್ರಯೋಗಶಾಲೆಗೆ ಬರುತ್ತಿದ್ದರು, ಮನೆಯಂಗಳದಲ್ಲಿ ಹೂಗಿಡ ಬೆಳೆಸುತ್ತಿದ್ದರು. 1931ರ ಜುಲೈನಲ್ಲಿ ಮ್ಯಾಡಿಸನ್‌ನಲ್ಲಿ ತೀರಿಕೊಂಡಾಗ ಅವರಿಗೆ 87 ವರ್ಷ.