ಗೆಲುವನ್ನು ಕಾಣದೆ ಹೋದ ಗುರು

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಚಾರಿತ್ರಿಕ ತೀರ್ಪೊಂದನ್ನು ನೀಡಿತು. ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬಿಳಿಯ ಮಕ್ಕಳಿಂದ ಬೇರ್ಪಡಿಸುವುದು ಸಂವಿಧಾನಬಾಹಿರ ಎಂಬುದು ಅದರ ಸಾರ. ಆ ಮೊಕದ್ದಮೆಯ ಮುಂಚೂಣಿಯಲ್ಲಿದ್ದ ವಕೀಲ ಥರ್‌ಗುಡ್ ಮಾರ್ಷಲ್ 1967ರಲ್ಲಿ ಅದೇ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಅವರ ಹೆಸರನ್ನು ಜಗತ್ತು ಬಲ್ಲದು. ಆದರೆ ಅವರನ್ನು ವಕೀಲರನ್ನಾಗಿ ರೂಪಿಸಿದ ಗುರು ಆ ದಿನವನ್ನು ಕಾಣಲು ಉಳಿದಿರಲಿಲ್ಲ. ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ 1950ರ ಏಪ್ರಿಲ್ 22ರಂದು, ತಮ್ಮ 54ನೆಯ ವಯಸ್ಸಿನಲ್ಲಿ, ಹೃದ್ರೋಗದಿಂದ ತೀರಿಕೊಂಡಿದ್ದರು.

ಹ್ಯೂಸ್ಟನ್ ಹುಟ್ಟಿದ್ದು 1895ರಲ್ಲಿ, ವಾಷಿಂಗ್ಟನ್ ನಗರದಲ್ಲಿ. ತಂದೆ ವಕೀಲರು. 1915ರಲ್ಲಿ ಆಮ್ಹರ್ಸ್ಟ್ ಕಾಲೇಜಿನಿಂದ ಪದವಿ ಪಡೆದ ಅವರು ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಫ್ರಾನ್ಸಿಗೆ ಹೋದರು. ದೇಶಕ್ಕಾಗಿ ಪ್ರಾಣ ಕೊಡಲು ಸಿದ್ಧರಾದ ಕಪ್ಪು ಸೈನಿಕರು ತಮ್ಮದೇ ಸೇನೆಯಲ್ಲಿ ಅವಮಾನಕ್ಕೂ ಅನ್ಯಾಯದ ವಿಚಾರಣೆಗಳಿಗೂ ಗುರಿಯಾಗುವುದನ್ನು ಕಣ್ಣಾರೆ ಕಂಡರು. ಬದುಕಿ ಮರಳಿದರೆ ಕಾನೂನು ಓದಿ, ತಿರುಗಿ ನಿಲ್ಲಲಾರದವರ ಪರವಾಗಿ ಹೋರಾಡಬೇಕೆಂಬ ಸಂಕಲ್ಪ ಹುಟ್ಟಿದ್ದು ಅಲ್ಲಿಯೇ. ಮುಂದೆ ಹಾರ್ವರ್ಡ್‌ನಲ್ಲಿ ಕಾನೂನು ಓದಿ, ಅಲ್ಲಿನ ಪ್ರತಿಷ್ಠಿತ ಕಾನೂನು ಪತ್ರಿಕೆಯ ಮೊದಲ ಕಪ್ಪು ಸಂಪಾದಕರಲ್ಲೊಬ್ಬರಾದರು. 1923ರಲ್ಲಿ ಡಾಕ್ಟರೇಟ್ ಪಡೆದರು.

ಅವರ ನಿಜವಾದ ಕರ್ಮಭೂಮಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ. 1929ರಲ್ಲಿ ಅವರು ಅದರ ಕಾನೂನು ಕಾಲೇಜಿನ ಆಡಳಿತದ ಹೊಣೆ ಹೊತ್ತಾಗ ಅದು ಸಂಜೆ ಕಾಲೇಜು. ಹಗಲು ದುಡಿದು ಬಂದವರಿಗೆ ಅರೆಕಾಲಿಕ ಅಧ್ಯಾಪಕರು ಪಾಠ ಹೇಳುತ್ತಿದ್ದರು. ಹ್ಯೂಸ್ಟನ್ ಸಂಜೆ ತರಗತಿಗಳನ್ನು ಮುಚ್ಚಿಸಿ, ಪೂರ್ಣಾವಧಿಯ ಹಗಲಿನ ವ್ಯಾಸಂಗವನ್ನು ಜಾರಿಗೆ ತಂದರು. ಹಳೆಯ ವಿದ್ಯಾರ್ಥಿಗಳು ಪ್ರತಿಭಟಿಸಿದರು. ದುಡಿಯದೆ ಓದಲಾಗದ ಬಡವರು ಎಲ್ಲಿಗೆ ಹೋಗಬೇಕು ಎಂಬ ಅವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಹ್ಯೂಸ್ಟನ್ ನಿಲುವು ಮಾತ್ರ ಅಚಲ. ಬಡವನೆಂಬ ಕಾರಣಕ್ಕೆ ಯಾವ ನ್ಯಾಯಾಲಯವೂ ಅರೆಕಲಿತ ವಕೀಲನ ತಪ್ಪನ್ನು ಮನ್ನಿಸುವುದಿಲ್ಲ. ಅದರ ದಂಡ ತೆರುವವನು ಕಕ್ಷಿಗಾರ. 1931ರಲ್ಲಿ ಕಾಲೇಜಿಗೆ ಅಮೆರಿಕದ ವಕೀಲರ ಸಂಘದ ಮಾನ್ಯತೆ ದೊರೆಯಿತು.

1930ರಲ್ಲಿ ಸೇರಿದ ವಿದ್ಯಾರ್ಥಿಗಳಲ್ಲಿ ಮಾರ್ಷಲ್ ಒಬ್ಬರು. ಶುಲ್ಕಕ್ಕಾಗಿ ತಾಯಿ ತಮ್ಮ ಮದುವೆಯ ಉಂಗುರವನ್ನೇ ಅಡವಿಟ್ಟಿದ್ದರು. ಬಾಲ್ಟಿಮೋರಿನಿಂದ ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದ ಈ ಯುವಕನಿಗೂ ಅವನ ಸಹಪಾಠಿಗಳಿಗೂ ಹ್ಯೂಸ್ಟನ್ ಎಳ್ಳಷ್ಟೂ ರಿಯಾಯಿತಿ ತೋರಲಿಲ್ಲ. ಅವರ ಕಠೋರತೆಗೆ ವಿದ್ಯಾರ್ಥಿಗಳು ಕಬ್ಬಿಣದ ಬೂಟು ಎಂಬ ಅಡ್ಡಹೆಸರಿಟ್ಟಿದ್ದರು. ಪುಸ್ತಕದಾಚೆಗೆ ನ್ಯಾಯಾಲಯ, ಸೆರೆಮನೆಗಳಿಗೂ ಅವರನ್ನು ಕರೆದೊಯ್ಯುತ್ತಿದ್ದರು. ವಕೀಲನಾದವನು ಸಮಾಜವನ್ನು ಕಟ್ಟುವ ಎಂಜಿನಿಯರ್ ಆಗಬೇಕು, ಇಲ್ಲವಾದರೆ ಅವನು ಸಮಾಜಕ್ಕೆ ಹೊರೆ ಎಂಬುದು ಅವರ ನಂಬಿಕೆಯಾಗಿತ್ತು.

ಕಠಿಣ ಅಧ್ಯಾಪಕರು ಎಲ್ಲ ಕಾಲದಲ್ಲೂ ಇದ್ದಾರೆ. ಹ್ಯೂಸ್ಟನ್ ಭಿನ್ನವಾಗುವುದು ಪದವಿಯ ನಂತರವೂ ಶಿಷ್ಯರ ಕೈ ಬಿಡದ ಕಾರಣಕ್ಕೆ. 1933ರಲ್ಲಿ ಮಾರ್ಷಲ್ ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಎರಡೇ ವರ್ಷಗಳಲ್ಲಿ ಗುರು ಶಿಷ್ಯರಿಬ್ಬರೂ ಬಾಲ್ಟಿಮೋರಿನ ನ್ಯಾಯಾಲಯದಲ್ಲಿ ಜೊತೆಯಾಗಿ ನಿಂತರು. ಕಪ್ಪು ವರ್ಣೀಯರಿಗೆ ಪ್ರವೇಶ ನಿರಾಕರಿಸುತ್ತಿದ್ದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಡೊನಾಲ್ಡ್ ಮರ್ರೆ ಎಂಬ ಯುವಕನನ್ನು ಸೇರಿಸಿಕೊಳ್ಳಬೇಕಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಸೆಳೆಯುವುದು ಈ ಹೋರಾಟದ ಹಿಂದಿನ ಲೆಕ್ಕಾಚಾರ. ಸೌಲಭ್ಯ ಸಮಾನವಾಗಿದ್ದರೆ ಜನಾಂಗಗಳನ್ನು ಬೇರ್ಪಡಿಸಬಹುದೆಂದು 1896ರ ತೀರ್ಪೊಂದು ಒಪ್ಪಿತ್ತು. ಎನ್‌ಎಎಸಿಪಿ ಸಂಸ್ಥೆಯ ವಕೀಲರಾಗಿ ಹ್ಯೂಸ್ಟನ್ ಆ ತೀರ್ಪಿನ ಮೇಲೆ ನೇರವಾಗಿ ಎರಗಲಿಲ್ಲ. ಸಮಾನತೆಯನ್ನು ಅಕ್ಷರಶಃ ಒದಗಿಸಿ ಎಂದು ಕೇಳಿದರು. ಪ್ರತಿ ರಾಜ್ಯವೂ ಎರಡೆರಡು ಕಾನೂನು ಕಾಲೇಜುಗಳನ್ನು ನಡೆಸಲು ಹೊರಟರೆ ಬೊಕ್ಕಸಕ್ಕೆ ತಡೆದೀತೇ? ಭೇದಭಾವವನ್ನೇ ದುಬಾರಿಯಾಗಿಸುವ ತಂತ್ರವಿದು. ಮಿಸೌರಿ ರಾಜ್ಯ ತನ್ನ ಕಪ್ಪು ಅಭ್ಯರ್ಥಿಯನ್ನು ಹಣ ಕೊಟ್ಟು ಹೊರರಾಜ್ಯಕ್ಕೆ ಕಳಿಸಲು ಮುಂದಾದಾಗ, 1938ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹ್ಯೂಸ್ಟನ್ ವಾದಿಸಲು ಎದ್ದಾಗ ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಬೆನ್ನು ತಿರುಗಿಸಿ ಕುಳಿತರು. ಹ್ಯೂಸ್ಟನ್ ವಿಚಲಿತರಾಗಲಿಲ್ಲ. ತಮ್ಮ ವಾದವನ್ನು ಅವರು ಅದಕ್ಕೂ ಮುನ್ನವೇ ಹೋವರ್ಡ್‌ನ ಸಹೋದ್ಯೋಗಿಗಳು ಮತ್ತು ವಿದ್ಯಾರ್ಥಿಗಳ ಎದುರು ಮಂಡಿಸಿ, ಅವರ ಪ್ರಶ್ನೆಗಳಿಗೆ ಒಡ್ಡಿಕೊಂಡು ಬಂದಿದ್ದರು. ಶಿಷ್ಯರಿಂದ ತಿದ್ದಿಸಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ.

ಅದೇ ವರ್ಷ ಅವರು ಸಂಸ್ಥೆಯ ಹೊಣೆಯನ್ನು ಮೂವತ್ತರ ಹರೆಯದ ಮಾರ್ಷಲ್‌ಗೆ ಬಿಟ್ಟುಕೊಟ್ಟು ವಾಷಿಂಗ್ಟನ್ನಿನ ತಮ್ಮ ವೃತ್ತಿಗೆ ಮರಳಿದರು. ಮುಂದೆ ಹಾಸಿಗೆ ಹಿಡಿದಾಗಲೂ, ಆ ನಗರದ ಪೋಷಕರ ಶಾಲಾ ಹೋರಾಟವನ್ನು ಸಹೋದ್ಯೋಗಿ ಜೇಮ್ಸ್ ನ್ಯಾಬ್ರಿಟ್‌ಗೆ ಒಪ್ಪಿಸಿದರು. ಆ ಮೊಕದ್ದಮೆಯಲ್ಲೂ ಗೆಲುವು ಬಂದದ್ದು 1954ರ ಅದೇ ಮೇ 17ರಂದು.

ಸರ್ಕಾರಿ ಸೇವೆಯಲ್ಲಿದ್ದಾಗ ನಾನು ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಅದೆಷ್ಟೋ ಕಡತಗಳನ್ನು ನೋಡಿದ್ದೇನೆ. ಅವೆಲ್ಲ ಅಗತ್ಯವೇ. ಆದರೆ ಮೊದಲ ತಲೆಮಾರಿನ ವೃತ್ತಿಪರನ ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದುವ, ಅವನನ್ನು ತನ್ನೊಡನೆ ನ್ಯಾಯಾಲಯಕ್ಕೋ ಆಸ್ಪತ್ರೆಗೋ ಕರೆದೊಯ್ಯುವ, ಕಾಲ ಬಂದಾಗ ತನ್ನ ಕುರ್ಚಿಯನ್ನೇ ತೆರವು ಮಾಡುವ ಹಿರಿಯನಿಗೆ ಯಾವ ಆಯವ್ಯಯದಲ್ಲೂ ಲೆಕ್ಕಶೀರ್ಷಿಕೆಯಿಲ್ಲ. ಅವಕಾಶದ ಬಾಗಿಲು ತೆರೆದರಷ್ಟೇ ಸಾಲದು. ಒಳಗೆ ನಡೆಯುವುದನ್ನು ಕಲಿಸುವವರೂ ಬೇಕು. ಆ ಕೆಲಸವನ್ನು ಹ್ಯೂಸ್ಟನ್ ಫಲದ ಹಂಬಲವಿಲ್ಲದೆ ಮಾಡಿದರು. ಫಲ ಬಂದಾಗ ಅದನ್ನು ಕೈಯಲ್ಲಿ ಹಿಡಿದವರು ಅವರ ಶಿಷ್ಯರು.